ಹಾಲಿನಲ್ಲಿ ಹೋಗುವ ಔಷಧ

ಮೊನ್ನೆ ದಾಂಡೇಲಿಯಲ್ಲಿ, ನಾನು ಬಾಡಿಗೆಗಿರುವ ಮನೆಯ ಓನರ್ ಬಾಯಿಯವರು ಬೆಣ್ಣೆ ಕಾಸುತ್ತಿದ್ದರು. ಎಮ್ಮೆ ಬೆಣ್ಣೆ. ಇಳಿಸುವ ಹೊತ್ತಿಗೆ ಒಂದು ವೀಳ್ಯದೆಲೆ ಹಾಕಿದರೆ ಚರ್ ಅಂತ ಸದ್ದಾಗಿ ಒಂದು ವಾಸನೆ ಏಳುತ್ತದಲ್ಲ, ಅದು ಮೆಟ್ಟಿಲೇರಿ ನನ್ನ ರೂಮಿನವರೆಗೂ ಬಂತು. ಯಾರಿಗಾದರೂ ಹಸಿವಾಗಬೇಕು. ನಾನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಕೆಳಗಿಳಿದು ರಸ್ತೆಯಲ್ಲಿ ನಿಂತೆ.

"ಏನಾತ ಪವಿತ್ರಾ, ಹೊಗಿ ಭಾಳ ಆತೇನ?" ಅಂತ ಬಾಯಿಯವರು ಕಿಟಕಿಯಿಂದ ಕೇಳಿದರು.

ಹೌದು ಅಂದೆ. ಇನ್ನೇನು ಹೇಳಲಿ? ಆ ವಾಸನೆ ಬಂದರೆ ನನ್ನ ತಲೆಯೊಳಗೆ ಒಂದೇ ಒಂದು ಮನೆ, ಒಂದೇ ಒಂದು ಮಳೆಗಾಲ. ಎರಡು ವರ್ಷವಾಯಿತು. ಯಾರಿಗೂ ಪೂರ್ತಿ ಹೇಳಿಲ್ಲ. ಇವತ್ತು ಬರೆದುಬಿಡುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ, ನನ್ನದೊಂದನ್ನು ಬಿಟ್ಟು.

ಆಗ ನನಗೆ ಇಪ್ಪತ್ಮೂರು. ಓದಿದ್ದು ಬಿ.ಕಾಂ. ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತ್ತು. ಎಚ್‌ಐವಿ ಇರುವ ಬಸುರಿಯರು, ಬಾಣಂತಿಯರು ಎಲ್ಲೆಲ್ಲಿದ್ದಾರೋ ಅವರ ಮನೆಗೆ ಹೋಗುವುದು, ಗುಳಿಗೆ ತಪ್ಪದಂತೆ ನೋಡುವುದು, ತಾರೀಕು ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಬರುವುದು. ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ, ಎಲ್ಲ ಕಡೆಗೂ ನಾನೊಬ್ಬಳೇ. ಮೂರು ದಿನದ ತರಬೇತಿ ಕೊಟ್ಟಿದ್ದರು. ಉಳಿದದ್ದನ್ನು ನಾನೇ ಫೋನಿನಲ್ಲಿ ಓದಿ ಕಲಿತೆ. ಕುಂಬಾರವಾಡಕ್ಕೆ ಹೋದರೆ ವಾಪಸ್ ಬಸ್ಸಿಗೆ ಮೂರು ತಾಸು ಕಾಯಬೇಕು. ಆ ಮೂರು ತಾಸೂ ನನಗೆ ಕಾಲೇಜು. ನೆಟ್‌ವರ್ಕ್ ಸಿಗುವ ಕಡೆಯೇ ಡೌನ್‌ಲೋಡ್ ಮಾಡಿಕೊಂಡು ಹೋಗುತ್ತಿದ್ದೆ.

ಅದರಲ್ಲೂ ಒಂದು ವಿಷಯ ನನ್ನನ್ನು ಹಿಡಿದುಬಿಟ್ಟಿತ್ತು. ತಾಯಿ ನುಂಗಿದ ಗುಳಿಗೆ ಅವಳ ಹಾಲಿಗೆ ಎಷ್ಟು ಹೋಗುತ್ತದೆ? ಕೂಸಿನ ಹೊಟ್ಟೆಗೆ ಎಷ್ಟು ಸೇರುತ್ತದೆ? ಒಂದೇ ಗುಳಿಗೆಯಲ್ಲಿ ಮೂರು ಔಷಧ ಇರುತ್ತವೆ. ಲ್ಯಾಮಿವುಡಿನ್ ಹಾಲಿಗೆ ಸಲೀಸಾಗಿ ಹೋಗುತ್ತದೆ, ಟೆನೊಫೊವಿರ್ ಹೋಗಿಯೂ ಹೋಗದಷ್ಟು, ಡೊಲುಟೆಗ್ರಾವಿರ್ ಸ್ವಲ್ಪ. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ತಾಯಿಯ ಹೊಟ್ಟೆ, ರಕ್ತ, ಹಾಲು, ಕೂಸು ಅಂತ ನಾಲ್ಕು ವೃತ್ತ ಬಿಡಿಸಿ ಬಾಣ ಎಳೆದು, ಬಣ್ಣ ಬೇರೆ ತುಂಬಿದ್ದೆ. ಆಸ್ಪತ್ರೆಯ ಕೌನ್ಸೆಲರ್ ಸರೋಜಾ ಮೇಡಂ ನನ್ನನ್ನು ಕಂಡ ಕೂಡಲೇ, "ಬಂದ್ರೇನ ಡಾಕ್ಟರ್ ಬಾಯಾರ? ಇವತ್ತ ಏನ ಹೊಸಾದು ಕಂಡ ಹಿಡದ್ರಿ?" ಅನ್ನುತ್ತಿದ್ದರು. ನನಗೆ ಒಳಗೊಳಗೇ ಖುಷಿ.

ಹಾಗೆ ನಾನು ನೋಡಿಕೊಳ್ಳುತ್ತಿದ್ದವರಲ್ಲಿ ಭಾಗು ಒಬ್ಬಳು. ಅವಳ ಮನೆ ಹಳಿಯಾಳ-ದಾಂಡೇಲಿ ರಸ್ತೆಯಿಂದ ಒಳಗೆ, ಒಂದು ಗೌಳಿವಾಡದಲ್ಲಿತ್ತು. ಬಸ್ಸಿಳಿದು ಸಾಗವಾನಿ ಮರಗಳ ನಡುವೆ ಅರ್ಧ ತಾಸು ನಡೆದು, ಒಂದು ಹಳ್ಳ ದಾಟಬೇಕು. ಎಮ್ಮೆ ಸಾಕಿ ಹಾಲು, ಬೆಣ್ಣೆ ಮಾರುವವರ ಏಳೆಂಟು ಮನೆಗಳು. ಭಾಗುವಿಗೆ ಇಪ್ಪತ್ತೊಂದು ವರ್ಷ. ಗಂಡನ ಜೊತೆ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದಳು. ಹೆರಿಗೆಗೆ ಅಂತ ಎಂಟನೇ ತಿಂಗಳಲ್ಲಿ ಊರಿಗೆ ಬಂದಾಗಲೇ ಮೊದಲ ಸಲ ರಕ್ತ ಪರೀಕ್ಷೆ ಆಗಿದ್ದು. ಅವಳಿಗೂ ಇತ್ತು, ಗಂಡನಿಗೂ ಇತ್ತು. ಅವನು ತನ್ನ ಗುಳಿಗೆ ಡಬ್ಬಿ ತೆಗೆದುಕೊಂಡು ಗೋವಾಕ್ಕೆ ಹೊರಟಾಗ ನನ್ನನ್ನು ಹಳ್ಳದ ಹತ್ತಿರ ನಿಲ್ಲಿಸಿ ಕೈ ಮುಗಿದ.

"ಅಕ್ಕಾ, ನಮ್ಮ ಆಯಿಗೆ ಗೊತ್ತಾಗಬಾರದ್ರಿ. ಆಯಿಗೆ ಗೊತ್ತಾದ್ರ ವಾಡಾಕ್ಕ ಗೊತ್ತಾಗತೈತಿ. ವಾಡಾಕ್ಕ ಗೊತ್ತಾದ್ರ ಪ್ಯಾಟಿಗೆ. ಆಮ್ಯಾಲ ನಮ್ಮ ಮನಿ ಹಾಲ ಯಾರ ತೊಗೊತಾರ್ರಿ?"

ಹಾಲು ಮಾರಿ ಬದುಕುವ ಮನೆಗೆ ಅದಕ್ಕಿಂತ ದೊಡ್ಡ ಭಯ ಇಲ್ಲ. ಎಮ್ಮೆ ಹಾಲಿಗೂ ಈ ಕಾಯಿಲೆಗೂ ಸಂಬಂಧವಿಲ್ಲ ಅಂತ ಪೇಟೆಯಲ್ಲಿ ಯಾರಿಗೆ ಹೇಳಿ ನಂಬಿಸುವುದು? ಹಾಗಾಗಿ ಭಾಗುವಿನ ಗುಳಿಗೆ ಮನೆಯಲ್ಲಿ ರಕ್ತ ಹೆಚ್ಚಾಗುವ ಗುಳಿಗೆ ಆಯಿತು. ನಾನು ಸರ್ಕಾರದ ಬಾಣಂತಿ ಯೋಜನೆಯ ಹುಡುಗಿ ಆದೆ.

ಅವಳ ಅತ್ತೆಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಮೊದಲ ದಿನವೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪೋರಿ, ನಿನಗ ಗಂಡಿಲ್ಲ, ಕೂಸಿಲ್ಲ. ನೀ ನನ್ನ ಸೊಸಿಗೆ ಬಾಣಂತನ ಹೇಳಿ ಕೊಡಾಕ ಬಂದಿ?" ಅಂದಳು.

"ಹೇಳಾಕಲ್ಲ ಆಯಿ, ಕಲಿಯಾಕ ಬಂದೇನಿ."

"ಹಂಗಂದ್ರ ಕುಂದರು. ಮೊದಲ ಮಜ್ಜಗಿ ಕುಡಿ. ಮೈಯಾಗ ಮಾಂಸ ಇಲ್ಲ, ಬಂದಾಳ ಕಲಿಯಾಕ."

ಹನ್ನೊಂದು ಎಮ್ಮೆಗಳು ಅವಳಿಗೆ. ಕೆಚ್ಚಲು ಮುಟ್ಟಿ ನೋಡಿ ಯಾವುದಕ್ಕೆ ಬಾವು ಬರಲಿದೆ ಅಂತ ಹೇಳುತ್ತಿದ್ದಳು. ಹಾಲಿನ ವಿಷಯದಲ್ಲಿ ಅವಳಿಗೆ ಗೊತ್ತಿಲ್ಲದ್ದು ಇರಲಿಲ್ಲ. ನಿಜ ಹೇಳಬೇಕೆಂದರೆ ನಾನು ಅವಳ ಅಭಿಮಾನಿಯಾಗಿಬಿಟ್ಟೆ. ನನ್ನ ಹಾಗೇ ಅವಳೂ ಯಾರೂ ಕಲಿಸದೆ ಕಲಿತವಳು ಅನ್ನಿಸುತ್ತಿತ್ತು.

ಜುಲೈ ಮಳೆಯಲ್ಲಿ ಭಾಗುವಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಸೋನು ಅಂತ ಕರೆದರು. ಆಸ್ಪತ್ರೆಯಿಂದ ಬಿಡುವ ದಿನ ಸರೋಜಾ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಒಂದು ಬಾಟಲಿ ಕೊಟ್ಟರು. ನೆವಿರಪಿನ್ ಸಿರಪ್. ದಿನಕ್ಕೊಂದು ಸಲ, ಹನ್ನೆರಡು ವಾರ.

"ಕೇಳಿಲ್ಲೆ. ಇಕಿ ಗುಳಿಗಿ ಸುರು ಮಾಡಿದ್ದ ತಡಾ. ರಕ್ತದಾಗ ವೈರಸ್ ಇನ್ನೂ ಇಳದಿಲ್ಲ. ಅದು ಇಳಿಯೂ ತನಕ ಕೂಸಿಗೆ ಕಾವಲಂದ್ರ ಈ ಬಾಟ್ಲಿ ಒಂದ. ಮನಿಗೆ ಹೋದಾಗೊಮ್ಮೆ ಇದನ್ನ ಕೈಯಾಗ ಹಿಡದು ನೋಡು. ಔಷಧ ಎಲ್ಲಿಗೆ ಬಂದೈತಿ ಅಲ್ಲಿ ಪೆನ್ನಿಲೆ ಒಂದು ಗೆರಿ ಹಾಕು. 'ಕುಡಸತೀಯೇನು' ಅಂತ ಕೇಳಬ್ಯಾಡ, ಎಲ್ಲಾರೂ ಹೂಂ ಅಂತಾರ. ಬಾಟ್ಲಿ ನೋಡು."

ಎಷ್ಟು ಸ್ಪಷ್ಟವಾಗಿ ಹೇಳಿದ್ದರು ನೋಡಿ.

ಭಾಗು ಆ ಬಾಟಲಿಯನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದಳು. ಕೂಸಿಗೆ ಹಾಲು ಬಿಟ್ಟು ಹೊರಗಿನದೇನೂ ಬಾಯಿಗೆ ಹಾಕಬಾರದು ಅಂತ ಆಯಿಯ ಹಟ. ಶಕ್ತಿ ಔಷಧ ಅಂತ ಸುಳ್ಳು ಹೇಳಿದರೂ, "ಹುಟ್ಟಿದ ಕೂಸಿಗೆ ಎಂಥಾ ಶಕ್ತಿ ಬೇಕು? ಕುಸ್ತಿ ಹಿಡಿಯಾಕ ಹೊಂಟೈತೇನ?" ಅಂತ ಜಗಳ ತೆಗೆದಿದ್ದಳು. ಆಯಿ ಎಮ್ಮೆ ಮೇಯಿಸಲು ಹೋದಾಗ ಭಾಗು ಕದ್ದು ಕುಡಿಸುತ್ತಿದ್ದಳು. ಮೊದಲ ಎರಡು ಸಲ ಹೋದಾಗ ಬಾಟಲಿ ಹೊರಗೆ ತೆಗೆಸಿದೆ, ಎರಡು ಗೆರೆ ಹಾಕಿದೆ. ಸರಿಯಾಗಿ ಇಳಿದಿತ್ತು.

ಮೂರನೇ ಸಲ ಹೋದದ್ದು ಕೂಸಿಗೆ ಹದಿನೆಂಟೋ ಹತ್ತೊಂಬತ್ತೋ ದಿನ ಆದಾಗ. ಭಾಗು ಹೊಗೆಗೆ ಕೂತ ಹಾಗೆ ಕಣ್ಣು ಕೆಂಪು ಮಾಡಿಕೊಂಡಿದ್ದಳು. ಆಯಿ ಒಲೆಯ ಮುಂದೆ ಬೆಣ್ಣೆ ಕಾಸುತ್ತಿದ್ದಳು. ನಾನು ಕೂತ ಕೂಡಲೇ ಭಾಗು ಸಣ್ಣ ದನಿಯಲ್ಲಿ, "ಅಕ್ಕಾ, ಎರಡ ದಿನಾ ಆತ್ರಿ, ನಾ ಗುಳಿಗಿ ನುಂಗಿಲ್ಲ," ಅಂದಳು.

"ಯಾಕ?"

"ಕೂಸಿನ ಮೈಮ್ಯಾಲ ಗುಳ್ಳಿ ಎದ್ದಾವ್ರಿ. ನಾ ನುಂಗಿದ್ದು ಹಾಲಿನ್ಯಾಗ ಹೋಗಿ ಅದಕ್ಕ ವಿಷಾ ಆತೇನೊ ಅನಸ್ತು."

ಬೆವರುಗುಳ್ಳೆ ಅದು. ಆದರೆ ಅವಳು ಗುಳಿಗೆ ಬಿಟ್ಟರೆ ಎಲ್ಲವೂ ಮುಗಿಯಿತು ಅಂತ ನನಗೆ ಗೊತ್ತಿತ್ತು. ಇನ್ನೊಂದೂ ಹೇಳುತ್ತೇನೆ: ಅವಳ ಪ್ರಶ್ನೆ ಕೇಳಿ ನನಗೆ ಸಂತೋಷವಾಯಿತು. ಜಗತ್ತಿನಲ್ಲಿ ನನಗೆ ಉತ್ತರ ಗೊತ್ತಿದ್ದ ಒಂದೇ ಒಂದು ಪ್ರಶ್ನೆಯನ್ನು ಯಾರೋ ಕೊನೆಗೂ ಕೇಳಿದ್ದರು. ಚೀಲದಿಂದ ನೋಟ್‌ಬುಕ್ ತೆಗೆದೆ. ನಾಲ್ಕು ವೃತ್ತ ತೋರಿಸಿದೆ.

"ನೋಡು ಭಾಗು. ನೀ ನುಂಗಿದ್ದು ಇಲ್ಲಿ ಬರತೈತಿ, ರಕ್ತಕ್ಕ. ಅಲ್ಲಿಂದ ಹಾಲಿಗೆ. ಹಾಲಿನಿಂದ ಕೂಸಿಗೆ. ಖರೇ ಐತಿ, ಹೋಗತೈತಿ. ಆದ್ರ ವಿಷಾ ಅಲ್ಲ ಅದು. ಕೂಸಿಗೂ ಒಳ್ಳೇದ. ಅದರ ಮೈಯಾಗೂ ಔಷಧ ಹೋದಂಗ ಆತಿಲ್ಲೊ?"

ಕೊನೆಯ ಆ ಎರಡು ವಾಕ್ಯ ನಾನು ಎಲ್ಲೂ ಓದಿರಲಿಲ್ಲ. ಮಾತಿನ ಭರಕ್ಕೆ ಬಂದುಬಿಟ್ಟವು.

ಒಲೆಯ ಕಡೆಯಿಂದ ಆಯಿ ತಿರುಗಿದಳು. ಅವಳ ಲೆಕ್ಕದಲ್ಲಿ ನಾವು ರಕ್ತದ ಗುಳಿಗೆಯ ಮಾತಾಡುತ್ತಿದ್ದೆವು. "ಅಯ್ಯ, ಇದನ್ನ ತಿಳಕೊಳ್ಳಾಕ ನಿನಗ ಪುಸ್ತಕಾ ಬೇಕಾತೇನ ಪೋರಿ? ಎಮ್ಮಿಕರಕ್ಕ ಹೊಟ್ಟ್ಯಾಗ ಜಂತ ಆದ್ರ ನಾವ ಕರಕ್ಕ ಔಷಧ ಹಾಕತೇವೇನ? ಎಳೇ ಕರಾ, ತಡಕೊಳ್ಳೂದಿಲ್ಲ. ತಾಯಿ ಎಮ್ಮಿಗೆ ಕಹಿ ಸೊಪ್ಪ ತಿನಸತೇವಿ. ಎರಡ ದಿನದಾಗ ಹಾಲ ಕಹಿ ಆಗತೈತಿ. ಆ ಹಾಲ ಡೇರಿಗೆ ಹಾಕೂದಿಲ್ಲ, ಕರಕ್ಕ ಬಿಡತೇವಿ. ಅದಕ್ಕ ಮುಟ್ಟೂದು ಮುಟ್ಟತೈತಿ."

"ಬರೋಬ್ಬರಿ ಆಯಿ!" ನಾನು ಕೂಗಿಯೇಬಿಟ್ಟೆ. "ಅದ! ಹಂಗ ಐತಿ! ದೊಡ್ಡ ದೊಡ್ಡ ಡಾಕ್ಟರ್ ಬರದದ್ದು ನಿಮಗ ಮೊದಲ ಗೊತ್ತೈತಿ."

ಆಯಿ ನಕ್ಕಳು. ಭಾಗುವೂ ನಕ್ಕಳು, ಎಷ್ಟೋ ದಿನದ ಮೇಲೆ. ಅಲ್ಲೇ ನನ್ನೆದುರು ಗುಳಿಗೆ ನುಂಗಿದಳು. ಆಯಿ ಬಿಸಿ ರೊಟ್ಟಿಯ ಮೇಲೆ ಆಗಷ್ಟೇ ಇಳಿಸಿದ ತುಪ್ಪ ಸುರಿದು ಕೊಟ್ಟಳು. ಬೆರಳು ಚೀಪಿ ತಿಂದೆ. ಬಾಟಲಿ ನೋಡಲಿಲ್ಲ. ಆಯಿ ಅಲ್ಲೇ ಕೂತಿದ್ದಳು, ಅಕ್ಕಿ ಡಬ್ಬಿ ತೆಗೆಸುವುದು ಹೇಗೆ ಅಂತ ನೆಪ ಇತ್ತು. ಆದರೆ ನಿಜ ಏನೆಂದರೆ, ನನಗೆ ನೆನಪೇ ಆಗಲಿಲ್ಲ. ಬಸ್ ಸ್ಟಾಪಿನವರೆಗೂ ನೆಗೆಯುತ್ತ ಹೋದೆ. ಅವತ್ತು ನಾನು ಒಬ್ಬ ತಾಯಿಯನ್ನು ಉಳಿಸಿದೆ ಅಂತ ಡೈರಿಯಲ್ಲಿ ಬರೆದುಕೊಂಡೆ.

ಆಮೇಲೆ ಮಳೆ ಹಿಡಿಯಿತು. ಹಳ್ಳ ಎರಡು ವಾರ ದಾಟಲು ಬಿಡಲಿಲ್ಲ. ಫೋನ್ ಇದ್ದದ್ದು ಆಯಿಯ ಕೈಯಲ್ಲಿ, ಏನಂತ ಕೇಳುವುದು? ನೀರು ಇಳಿದ ಮೇಲೆ ಒಂದು ಸಲ ಹೋದೆ. ಆಯಿ ಮನೆಯಲ್ಲೇ ಇದ್ದಳು. ಕಣ್ಣಲ್ಲೇ ಅಕ್ಕಿ ಡಬ್ಬಿ ಕಡೆ ತೋರಿಸಿ ಕೇಳಿದೆ. ಭಾಗು ಹೂಂ ಅನ್ನುವಂತೆ ತಲೆ ಆಡಿಸಿದಳು. ಕೂಸು ಕೆನ್ನೆ ತುಂಬಿಕೊಂಡು ಗುಂಡುಗುಂಡಾಗಿತ್ತು. ಅಷ್ಟಕ್ಕೆ ತೃಪ್ತಿಪಟ್ಟೆ. ಹೊರಡುವಾಗ ಆಯಿ ಒಂದು ಸಣ್ಣ ಬಾಟಲಿ ತುಪ್ಪ ನನ್ನ ಚೀಲಕ್ಕೆ ತುರುಕಿದಳು. "ನೀ ಅವತ್ತ ಹೇಳಿ ಹೋದಾಗಿಂದ ಒಂದ ದಿನಾನೂ ಗುಳಿಗಿ ಬಿಟ್ಟಿಲ್ಲ ಇಕಿ. ಕೂಸ ನೋಡು ಹೆಂಗಾಗೈತಿ! ತೊಗೋ, ನಿನ್ನ ಬಾಣಂತನಕ್ಕೂ ನಾನ ಬರತೇನಿ."

ಆರನೇ ವಾರಕ್ಕೆ ಕೂಸಿನ ರಕ್ತ ಪರೀಕ್ಷೆ. ಭಾಗುವನ್ನೂ ಕೂಸನ್ನೂ ಆಸ್ಪತ್ರೆಗೆ ಕರೆದುಕೊಂಡು ಬಂದೆ. ಸರೋಜಾ ಮೇಡಂ ಮೊದಲು ಕೇಳಿದ್ದೇ ಬಾಟಲಿ. ಭಾಗು ಸೆರಗಿನ ಗಂಟಿನಿಂದ ತೆಗೆದು ಕೊಟ್ಟಳು. ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

ನಾನು ಹಾಕಿದ ಎರಡು ಗೆರೆ ಇದ್ದವು. ಔಷಧ ಎರಡನೇ ಗೆರೆಯಿಂದ ಕೆಳಗೆ ಇಳಿದೇ ಇರಲಿಲ್ಲ ಅನ್ನಬೇಕು.

"ಭಾಗು, ಇದನ್ನ ಯಾಕ ಕುಡಸಿಲ್ಲವಾ?"

ಅವಳು ಗಾಬರಿಯೇನೂ ಆಗಲಿಲ್ಲ. ಸಹಜವಾಗಿ, ಸರಿಯಾದ ಉತ್ತರ ಹೇಳುವ ಮಗುವಿನ ಹಾಗೆ ಹೇಳಿದಳು. "ಅಕ್ಕಾ ಹೇಳಿದ್ರಲ್ರಿ, ನನ್ನ ಗುಳಿಗಿ ಹಾಲಿನ್ಯಾಗ ಹೋಗಿ ಕೂಸಿಗೆ ಮುಟ್ಟತೈತಿ ಅಂತ. ಅದರ ಮ್ಯಾಲ ಇದನ್ನೂ ಹಾಕಿದ್ರ ಎಳೇ ಕೂಸಿಗೆ ಭಾಳ ಆಗತೈತಿ ಅಂತ ಬಿಟ್ಟೆ. ನಾ ಗುಳಿಗಿ ಒಂದ ದಿನಾನೂ ತಪ್ಪಸಿಲ್ರಿ ಮ್ಯಾಡಮ್. ದೇವರಾಣಿ."

ಸರೋಜಾ ಮೇಡಂ ನನ್ನ ಕಡೆ ನೋಡಲಿಲ್ಲ. ಬೈಯಲೂ ಇಲ್ಲ. ಭಾಗುವಿನ ಮುಂದೆ ನಿಧಾನವಾಗಿ ಕೂತು ವಿವರಿಸಿದರು. ಹಾಲಿನಲ್ಲಿ ಹೋಗುವ ಔಷಧ ಕೂಸಿಗೆ ತೊಂದರೆ ಮಾಡದಷ್ಟು ಸ್ವಲ್ಪ. ಕಾಯಿಲೆ ತಡೆಯಲಾರದಷ್ಟೂ ಸ್ವಲ್ಪ. ಗುಳಿಗೆ ಕಾಪಾಡುವ ದಾರಿ ಬೇರೆ: ಅದು ತಾಯಿಯ ರಕ್ತದಲ್ಲಿ ವೈರಸ್ಸನ್ನು ಇಳಿಸುತ್ತದೆ, ಆಗ ಹಾಲಿನಲ್ಲೂ ಇಳಿಯುತ್ತದೆ. ಅದಕ್ಕೆ ಸಮಯ ಬೇಕು. ಆ ಸಮಯದ ಸಲುವಾಗಿಯೇ ಕೂಸಿಗೆ ಬೇರೆ ಸಿರಪ್ಪು. ಭಾಗು ಕೇಳುತ್ತ ಕೇಳುತ್ತ ಕೂಸನ್ನು ಎದೆಗೆ ಒತ್ತಿಕೊಂಡಳು, ಆಮೇಲೆ ಏನೋ ನೆನಪಾದವಳಂತೆ ಎದೆಯಿಂದ ದೂರ ಹಿಡಿದಳು, ಆಮೇಲೆ ಎಲ್ಲಿ ಹಿಡಿಯಬೇಕು ಅಂತ ತಿಳಿಯದೆ ತೊಡೆಯ ಮೇಲೆ ಮಲಗಿಸಿಕೊಂಡಳು.

ಕೂಸಿನ ಹಿಮ್ಮಡಿಗೆ ಚುಚ್ಚಿ ಕಾರ್ಡಿನ ಮೇಲೆ ರಕ್ತದ ಐದು ಹನಿ ಇಳಿಸಿದರು. ಸಿರಪ್ ಮತ್ತೆ ಅಲ್ಲೇ ಶುರು ಮಾಡಿದರು.

ಅವರಿಬ್ಬರೂ ಹೊರಗೆ ಹೋದ ಮೇಲೆ ಮೇಡಂ ಬಾಗಿಲು ಮುಂದೆ ಮಾಡಿ ನನ್ನನ್ನು ಕೇಳಿದರು: "ಪವಿ, ನಿನಗ ನಾ ಏನ ಹೇಳಿದ್ದೆ? ಬಾಟ್ಲಿ ನೋಡು ಅಂತ ಹೇಳಿದ್ದೆ. ಹಾಲಿನ ಪಾಠ ಮಾಡು ಅಂತ ಯಾರ ಹೇಳಿದ್ರು?"

ನಾನು ಚೀಲದೊಳಗಿನ ನೋಟ್‌ಬುಕ್ಕನ್ನು ಇನ್ನಷ್ಟು ಕೆಳಗೆ ತಳ್ಳಿದೆ.

ವರದಿ ಬರಲು ವಾರಗಟ್ಟಲೆ ಹಿಡಿಯಿತು. ಆ ದಿನಗಳಲ್ಲಿ ನಾನು ಎರಡು ದಿನಕ್ಕೊಮ್ಮೆ ಗೌಳಿವಾಡಕ್ಕೆ ಹೋದೆ. ಮುಂಡಗೋಡದ ಕಡೆಯ ಹೆಂಗಸರನ್ನು ನೋಡಲೇ ಇಲ್ಲ. ಬಾಟಲಿ ತೆಗೆಸಿ ದಿನದಿನದ ಗೆರೆ ಹಾಕಿದೆ; ಲೇಬಲ್ಲಿನ ಮೇಲೆ ಏಣಿಯ ಹಾಗೆ ಗೆರೆಗಳು. ಆಯಿಗೆ ನನ್ನ ಮೇಲೆ ಅನುಮಾನ ಬಂತು. "ಏನ ಪೋರಿ, ನಿನಗ ಬ್ಯಾರೆ ಮನಿ ಇಲ್ಲೇನ?" ಅಂದಳು. ರೊಟ್ಟಿ ಕೊಟ್ಟರೆ ಊಟ ಆಗಿದೆ ಅನ್ನುತ್ತಿದ್ದೆ. ಅವಳು ಕೊಟ್ಟ ತುಪ್ಪದ ಬಾಟಲಿ ನನ್ನ ರೂಮಿನಲ್ಲಿ ಮುಚ್ಚಳ ತೆಗೆಯದೆ ಇತ್ತು. ರಾತ್ರಿ ಅಡ್ಡಾದರೆ ಓದಿದ್ದೆಲ್ಲ ಸಾಲುಸಾಲಾಗಿ ನೆನಪಾಗುತ್ತಿತ್ತು. ಯಾವ ಔಷಧ ಎಷ್ಟು ಹೋಗುತ್ತದೆ ಅಂತ ನಾನು ಬಾಯಿಪಾಠ ಮಾಡಿದ್ದೆ. ಅದರ ಕೆಳಗೆ, ಅದೇ ಪುಟದಲ್ಲಿ, ಇಷ್ಟು ಸ್ವಲ್ಪ ಔಷಧ ಕೂಸನ್ನು ಕಾಯುವುದಿಲ್ಲ ಅಂತಲೂ ಬರೆದಿತ್ತು. ಮತ್ತೆ ತೆಗೆದು ನೋಡಿದೆ. ಇತ್ತು. ಆ ಸಾಲನ್ನು ನಾನು ಓದಿದ್ದೆ ಕೂಡ. ನೋಟ್‌ಬುಕ್ಕಿಗೆ ಇಳಿಸಿಕೊಂಡಿರಲಿಲ್ಲ, ಅಷ್ಟೇ.

ಗಣೇಶ ಚೌತಿ ಮುಗಿದ ವಾರ ವರದಿ ಬಂತು. ಪಾಸಿಟಿವ್. ಒಂದು ಸಲಕ್ಕೆ ನಂಬಬಾರದು, ಇನ್ನೊಮ್ಮೆ ನೋಡಬೇಕು ಅಂದರು. ಆ 'ಇನ್ನೊಮ್ಮೆ'ಯನ್ನು ನಾನು ಹಿಡಿದುಕೊಂಡು ಕೂತೆ. ಮತ್ತೆ ಹಿಮ್ಮಡಿ, ಮತ್ತೆ ಐದು ಹನಿ, ಮತ್ತೆ ಕಾಯುವುದು. ಎರಡನೆಯದೂ ಅದೇ ಬಂತು.

ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ಕೇಳಿದೆ. ಸಿರಪ್ ಬಿಟ್ಟಿದ್ದಕ್ಕೇ ಆಯಿತಾ ಸರ್?

"ಹೇಳಾಕ ಬರೂದಿಲ್ಲಮ್ಮಾ," ಅಂದರು ಅವರು. "ಹೆರಿಗಿ ಮೊದಲ ಆಗಿರಬೌದು. ಹೆರಿಗ್ಯಾಗ ಆಗಿರಬೌದು. ಹಾಲಿನ್ಯಾಗೂ ಆಗಿರಬೌದು. ಈ ಪರೀಕ್ಷಾ ಅದನ್ನ ತೋರಸೂದಿಲ್ಲ."

ಅವರು ಸಮಾಧಾನಕ್ಕೆ ಹೇಳಲಿಲ್ಲ, ಇದ್ದದ್ದನ್ನೇ ಹೇಳಿದರು. ಆದರೆ ಗೊತ್ತಾಗುವುದಿಲ್ಲ ಅನ್ನುವುದೂ ಒಂದು ಶಿಕ್ಷೆ ಅಂತ ನನಗೆ ಆಗ ತಿಳಿದಿರಲಿಲ್ಲ. ನನ್ನಿಂದಲೇ ಆಯಿತು ಅಂದಿದ್ದರೆ ಎಲ್ಲಾದರೂ ಹೋಗಿ ಅತ್ತು ಬರುತ್ತಿದ್ದೆ. ನನ್ನಿಂದ ಆಗಿಲ್ಲ ಅಂದಿದ್ದರೆ ಮರೆಯುತ್ತಿದ್ದೆ. ಈಗ ಎರಡೂ ಇಲ್ಲ.

ಭಾಗುವಿಗೆ ಹೇಳಿದ್ದು ಸರೋಜಾ ಮೇಡಂ. ನಾನು ಪಕ್ಕದಲ್ಲಿ ಕೂತಿದ್ದೆ. ಭಾಗು ಅಳಲಿಲ್ಲ. ಕೂಸಿಗೂ ಇನ್ನು ಮೇಲೆ ದಿನಾ ಔಷಧ ಅಂತ ಹೇಳಿದಾಗ, "ಎಲ್ಲೀತನಕ?" ಅಂದಳು. ಮೇಡಂ ಹೇಳಿದರು. ಅವಳು, "ಆಯಿಗೆ ಏನ ಹೇಳಲಿ?" ಅಂದಳು. ಹಾಲು ಬಿಡಿಸಬೇಕೇನು ಅಂತ ಕೊನೆಗೆ ಕೇಳಿದಳು. "ಬ್ಯಾಡ. ಇನ್ನ ಬಿಡಸೂ ಕಾರಣಾ ಇಲ್ಲ. ಎರಡ ವರ್ಷದ ತನಕ ಕುಡಸು, ಕೂಸಿಗೆ ಶಕ್ತಿ ಬರತೈತಿ," ಅಂದರು ಮೇಡಂ, ಕಿಟಕಿ ಕಡೆ ನೋಡುತ್ತ.

ಬಸ್ ಸ್ಟ್ಯಾಂಡಿನಲ್ಲಿ ಹಳಿಯಾಳದ ಬಸ್ಸಿಗೆ ಕಾಯುತ್ತ ಕೂತೆವು. ಮಳೆ ಮುಗಿದಿತ್ತು, ಬಿಸಿಲಿಗೆ ನೆಲದಿಂದ ಹಬೆ ಏಳುತ್ತಿತ್ತು. ನಾನು ಹೇಳಬೇಕು ಅಂದುಕೊಂಡಿದ್ದನ್ನು ಬೆಳಿಗ್ಗೆಯಿಂದ ತಾಲೀಮು ಮಾಡಿದ್ದೆ.

"ಭಾಗು, ಅವತ್ತ ನಾ ಹೇಳಿದ್ದು ತಪ್ಪಾತು. ನನ್ನಿಂದ..."

"ಸುಮ್ಮನಿರ್ರಿ ಅಕ್ಕಾ," ಅಂದಳು. ಸಿಟ್ಟಿನಿಂದ ಅಲ್ಲ. ದಣಿದ ದನಿ. "ನೀವ ಅಷ್ಟ ಛಲೋ ಹೇಳಿದ್ರಿ. ನನಗ ಅವತ್ತೊಂದ ದಿನಾ ನಿದ್ದಿ ಬಂದಿತ್ತು."

ಕೂಸು ಅಳಲು ಶುರುಮಾಡಿತು. ಅವಳು ಸೆರಗಿನೊಳಗೆ ತೆಗೆದುಕೊಂಡಳು. ಕೂಸು ಗುಟುಕು ಗುಟುಕಾಗಿ ನುಂಗುವ ಸದ್ದು ನನಗೆ ಕೇಳುತ್ತಿತ್ತು. ಹಳಿಯಾಳದ ಬಸ್ಸು ಬಂದು ನಿಂತಿತು. ಜನ ಹತ್ತಿದರು. ನಾನು ಎದ್ದೆ, ಕೂಸನ್ನು ಬಿಡಿಸಿ ಕೊಡು, ಎತ್ತಿಕೊಳ್ಳುತ್ತೇನೆ ಅಂತ ಕೈ ಚಾಚಿದೆ.

"ಕುಡೀಲಿ ಬಿಡ್ರಿ," ಅಂದಳು ಭಾಗು. "ಇಷ್ಟ ದಿನಾ ಹೆದರಿ ಹೆದರಿ ಅರ್ಧಕ್ಕ ಬಿಡಸತಿದ್ದೆ. ಇನ್ನ ನನ್ನಿಂದ ಇದಕ್ಕ ಹೋಗೂದು ಏನ ಉಳದೈತಿ?"

ಕಂಡಕ್ಟರ್ ಎರಡು ಸಲ ನಮ್ಮ ಕಡೆ ನೋಡಿ ಸೀಟಿ ಊದಿದ. ಆ ಬಸ್ಸು ಹೋಯಿತು. ನಾನು ಮತ್ತೆ ಅವಳ ಪಕ್ಕದಲ್ಲಿ ಕೂತೆ.